ಏಳರಿಂದ ಹತ್ತರವರೆಗೆ ಟಿವಿ ಯಾರದ್ದು?

ಧಾರಾವಾಹಿ ನೋಡೋ ಹೆಂಗಸರನ್ನ ಗೇಲಿ ಮಾಡಿ ಪೋಸ್ಟ್ ಹಾಕಿದ್ರೆ ಲೈಕಿಗೆ ಬರ ಇಲ್ಲ. ನಾನು ಆ ಸಾಲಿಗೆ ಸೇರಲ್ಲ. ಒಡವೆ ಹಾಕ್ಕೊಂಡೇ ಮಲಗೋ ಅತ್ತೆ, ಒಂದೇ ಮುಖವನ್ನ ಮೂರು ಸಲ ತೋರಿಸೋ ಕ್ಯಾಮೆರಾ, ಇದೆಲ್ಲ ನೋಡೋರಿಗೂ ಗೊತ್ತು. ನಮಗಿಂತ ಚೆನ್ನಾಗಿ ಆಡ್ಕೊಂಡು ನಗ್ತಾರೆ. ನನ್ನ ತಕರಾರು ಕಥೆ ಮೇಲಲ್ಲ, ಟೈಮಿನ ಮೇಲೆ.

ಸಂಜೆ ಏಳಾದ ಮೇಲೆ ಉದಯ, ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಯಾವುದನ್ನಾದ್ರೂ ಹಾಕಿ. ಒಂದಾದ ಮೇಲೊಂದು ಧಾರಾವಾಹಿ. ಸೋಪು, ಶಾಂಪೂ, ಟೀಪುಡಿ, ಸಾಂಬಾರ್ ಪುಡಿ ಯಾವುದು ತರಬೇಕು ಅಂತ ತೀರ್ಮಾನ ಮಾಡೋದು ಮನೆಯ ಹೆಂಗಸು, ಹಾಗಾಗಿ ಜಾಹೀರಾತಿನವರಿಗೆ ಬೇಕಾಗಿರೋಳು ಅವಳು. ರೂಲ್ಸ್ ಪ್ರಕಾರ ಗಂಟೆಗೆ 10 ನಿಮಿಷ ಜಾಹೀರಾತು, 2 ನಿಮಿಷ ಚಾನೆಲ್‌ನ ಸ್ವಂತ ಪ್ರೋಮೋ. ಆ 10 ನಿಮಿಷಕ್ಕೆ ಒಳ್ಳೆ ರೇಟು ಸಿಗಲಿ ಅಂತಲೇ ಮಿಕ್ಕಿದ್ದೆಲ್ಲ.

ಯಾರು ನೋಡಿದ್ರು ಅನ್ನೋದು, ಟಿವಿ ನೋಡೋರ ಲೆಕ್ಕ ಇಡೋ ಬಾರ್ಕ್ ಸಂಸ್ಥೆಯ ಮೀಟರ್ ಇರೋ ಮನೆಗಳಿಂದ ಗೊತ್ತಾಗುತ್ತೆ. ಟಿವಿ ಮುಂದೆ ಕೂತವರು ತಮ್ಮ ತಮ್ಮ ಬಟನ್ ಒತ್ತಬೇಕು, ಅಜ್ಜಂದೇ ಬೇರೆ, ಸೊಸೆದೇ ಬೇರೆ. ಲೆಕ್ಕ ಗುರುವಾರ ಹೊರಗೆ ಬರುತ್ತೆ. ಆಮೇಲೆ ಶುರು ಚಾನೆಲ್‌ನೋರ ಆಟ. ಹೊಸ ಧಾರಾವಾಹಿ ಬಂತು ಅಂದ್ರೆ ಅದನ್ನ ಚೆನ್ನಾಗಿ ಓಡ್ತಿರೋ ಎರಡರ ನಡುವೆ ತೂರಿಸ್ತಾರೆ. ಒಂದು ಮುಗಿದು ಇನ್ನೊಂದು ಶುರುವಾಗೋ ಕಡೆ ಬ್ರೇಕೇ ಕೊಡಲ್ಲ. ಹೆಸರುಗಳನ್ನ ಸರ್ರಂತ ಓಡಿಸಿ ಮುಂದಿನ ಕಥೆಯ ಜಗಳಕ್ಕೇ ನೇರವಾಗಿ ಇಳಿಸ್ತಾರೆ, ರಿಮೋಟ್ ಕೈಗೆ ಬರಬಾರದು ನೋಡಿ. ರೇಟಿಂಗ್ ಬಿದ್ದ ಧಾರಾವಾಹಿ ಹತ್ತೂವರೆಗೋ ಮಧ್ಯಾಹ್ನಕ್ಕೋ ಹೋಯ್ತು ಅಂದ್ರೆ ಅದರ ಕಥೆ ಮುಗೀತು ಅಂತಲೇ ಲೆಕ್ಕ. ಚಿಕ್ಕಮ್ಮ ಇದನ್ನ ಪ್ರೋಮೋ ನೋಡಿಯೇ ಹೇಳಿಬಿಡ್ತಾರೆ: 'ಇದನ್ನ ಎತ್ತಂಗಡಿ ಮಾಡಿದ್ರು, ಇನ್ನು ಒಂದೆರಡು ತಿಂಗಳು ಅಷ್ಟೆ.'

ಈ ಜಾಣತನಕ್ಕೆ ನನ್ನದೊಂದು ನಮಸ್ಕಾರ. ಆದ್ರೆ ಇಷ್ಟೆಲ್ಲ ಲೆಕ್ಕ ಹಾಕಿ ಹುಡುಕಿರೋ ಆ ಹೆಂಗಸು ಏಳು ಗಂಟೆಗೆ ಎಲ್ಲಿರ್ತಾಳೆ? ಬೇಲೂರು ಕಡೆಯ ನಮ್ಮೂರಲ್ಲಿ ಆದ್ರೆ ಡೇರಿ ಮುಂದೆ ಕ್ಯಾನ್ ಹಿಡ್ಕೊಂಡು ನಿಂತಿರ್ತಾಳೆ. ಫ್ಯಾಟ್ ನೋಡೋ ಮೆಷಿನ್ ಒಂದೊಂದು ದಿನ ಮುಷ್ಕರ ಹೂಡುತ್ತೆ, ಸಾಲು ರಸ್ತೆವರೆಗೂ ಬರುತ್ತೆ. 'ಬಿರ್‌ಬಿರ್ನೆ ಅಳಿ ಕಣಪ್ಪ, ಸುರುವಾಗೋಯ್ತದೆ' ಅಂತ ಸೆಕ್ರೆಟರಿಗೆ ದಿನಾ ಬೈಗುಳ. ಮನೆಗೆ ಬಂದು ಒಲೆ ಮುಂದೆ ಮುದ್ದೆ ತಿರುವೋ ಹೊತ್ತಿಗೆ ಎಂಟು. ಟಿವಿ ನಡುಮನೇಲಿ, ಇವಳು ಅಡುಗೆಮನೇಲಿ, ಅಂದ್ರೆ ಅರ್ಧ ಧಾರಾವಾಹಿಯನ್ನ ನಮ್ಮ ಹೆಂಗಸರು ಕೇಳ್ತಾರೆ, ನೋಡಲ್ಲ. ಮುಖವನ್ನ ಮೂರು ಸಲ ತೋರಿಸೋದು, ಡಬ್ ಡಬ್ ಅಂತ ಸದ್ದು ಮಾಡೋದು ಇಂಥವರಿಗೇ ಉಪಯೋಗ. ಸದ್ದು ಬಂದಾಗ ಸೌಟು ಹಿಡ್ಕೊಂಡೇ ಓಡಿಬಂದು ನೋಡಿ ಹೋಗಬಹುದು.

ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ಕೊಯ್ಲು ಶುರುವಾದ್ರೆ ಅದೂ ಇಲ್ಲ. ಇಡೀ ದಿನ ತೋಟದಲ್ಲಿ ನಿಂತು ಬಂದವರಿಗೆ ಒಂಬತ್ತಕ್ಕೆ ಕಣ್ಣು ಎಳೆಯುತ್ತೆ. ಮಳೆಗಾಲದಲ್ಲಿ ಪುರುಸೊತ್ತು ಇರುತ್ತೆ, ಆಗ ಡಿಶ್‌ಗೆ ಸಿಗ್ನಲ್ ಇರಲ್ಲ! ಹಳ್ಳಿ ಮನೆಗಳನ್ನ ಬಾರ್ಕ್ ಲೆಕ್ಕಕ್ಕೆ ಸೇರಿಸಿದ್ದೇ 2015ರಲ್ಲಿ. ಲೆಕ್ಕಕ್ಕೆ ಸೇರಿದ್ರೂ ಟೈಂಟೇಬಲ್ ಬೆಂಗಳೂರಿಂದೇ.

ಮನೆಯ ಮಿಕ್ಕವರ ಪಾಡು? ಅಜ್ಜ ಅಜ್ಜಿಗೆ ಬೆಳಿಗ್ಗೆ ಭಕ್ತಿ, ಜ್ಯೋತಿಷ್ಯ. ಮಕ್ಕಳಿಗೆ ಚಿಂಟು ಟಿವಿ. ಗಂಡಸರಿಗೆ ನ್ಯೂಸ್ ಚಾನೆಲ್‌ನ ಕೂಗಾಟ. ರಿಯಾಲಿಟಿ ಶೋ ಹೆಚ್ಚಾಗಿ ಶನಿವಾರ ಭಾನುವಾರ ಹಾಕ್ತಾರೆ, ಮನೇಲಿ ಇನ್ನೂ ನಾಲ್ಕು ಜನ ಇದ್ದಾರೆ ಅಂತ ಆಗ ನೆನಪಾಗುತ್ತೆ.

ದೂರದರ್ಶನ ಒಂದೇ ಇದ್ದಾಗ ಒಂದೇ ಚಾನೆಲ್ ಎಲ್ಲರಿಗೂ ಹಂಚಬೇಕಿತ್ತು: ರೈತರಿಗಿಷ್ಟು, ಮಕ್ಕಳಿಗಿಷ್ಟು, ವಾರ್ತೆ, ಚಿತ್ರಗೀತೆ. ಅದೇನು ಸ್ವರ್ಗ ಅಲ್ಲ ಬಿಡಿ. ಚಿತ್ರಗೀತೆ ಬರಲಿ ಅಂತ ಗೊಬ್ಬರದ ಬಗ್ಗೆ ಕೇಳ್ಕೊಂಡು ಕೂತವರೇ ಜಾಸ್ತಿ. ಆದ್ರೂ ಚಂದನದ 'ಥಟ್ ಅಂತ ಹೇಳಿ' ನೋಡಿ, 2002ರಿಂದ ನಡೀತಿದೆ. ಬಹುಮಾನ ಪುಸ್ತಕ. ಅದನ್ನ ಅಜ್ಜ, ಮೊಮ್ಮಗಳು ಒಟ್ಟಿಗೇ ಕೂತು ನೋಡಿದ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ.

ನಾಲ್ಕು ಚಾನೆಲ್ ಒಂದೇ ಸೇರು ರಾಗಿಗೆ ಕಿತ್ತಾಡೋ ಬದಲು, ಒಂದಾದ್ರೂ ಎಂಟೂವರೆಗೆ ಬೇರೆ ಏನಾದ್ರೂ ಹಾಕಿ ನೋಡಲಿ. ಒಂದು ಕ್ವಿಜ್, ಒಂದು ತಮಾಷೆ ನಾಟಕ, ಜೊತೆಗೆ ಐದು ನಿಮಿಷ ಕಾಫಿ, ಮೆಣಸು, ಆಲೂಗಡ್ಡೆ ರೇಟು, ನಾಳೆಯ ಮಳೆ. ಟ್ರ್ಯಾಕ್ಟರ್, ಬೈಕು, ಗೊಬ್ಬರದವರೂ ಜಾಹೀರಾತು ಕೊಡೋರೇ ತಾನೆ? ಏಳರ ಧಾರಾವಾಹಿಯ ಮರುಪ್ರಸಾರವನ್ನ ಒಂಬತ್ತಕ್ಕೆ ಇಟ್ಟರಂತೂ ನಮ್ಮ ಡೇರಿ ಸೆಕ್ರೆಟರಿಗೆ ಬೈಗುಳ ತಪ್ಪುತ್ತೆ.