ಮಕ್ಕಳ ಮನೆ ಬೀಳಲಿ ಬಿಡಿ

ಹೋದ ತಿಂಗಳು ಮಗಳ ಸ್ಕೂಲಿನಲ್ಲಿ ವಿಜ್ಞಾನ ಪ್ರದರ್ಶನ ಇತ್ತು. ವಿಷಯ ‘ಭೂಕಂಪ ತಡೆಯುವ ಮನೆ’. ಮೂವತ್ತಕ್ಕೂ ಜಾಸ್ತಿ ಮಾಡೆಲ್ ಬಂದಿದ್ದವು. ಥರ್ಮಾಕೋಲ್, ಬಣ್ಣದ ಕಾಗದ, ಒಳಗೆ ಎಲ್‌ಇಡಿ ದೀಪ. ಅರ್ಧಕ್ಕರ್ಧ ಅಪ್ಪ ಅಮ್ಮಂದಿರ ಕೈಕೆಲಸ ಅಂತ ನೋಡಿದ ಕೂಡಲೇ ಗೊತ್ತಾಗುತ್ತಿತ್ತು. ನನಗೆ ಬೇಜಾರಾಗಿದ್ದು ಅದಕ್ಕಲ್ಲ. ಇಡೀ ದಿನ ಒಂದು ಮಾಡೆಲನ್ನೂ ಯಾರೂ ಅಲುಗಾಡಿಸಿ ನೋಡಲಿಲ್ಲ. ಯಾಕೆ ಅಂತ ಶಾಲೆಯವರನ್ನು ಕೇಳಿದೆ. "ಕೆಟ್ಟುಹೋಗುತ್ತೆ ಮ್ಯಾಡಮ್, ಮಕ್ಕಳು ಅಳುತ್ತಾರೆ" ಅಂದರು. ತಡೆಯುತ್ತೋ ಇಲ್ಲವೋ ನೋಡದೆಯೇ ಬಹುಮಾನ ಕೊಟ್ಟಾಯಿತು. ಮಕ್ಕಳು ಕಲಿಯಬೇಕಾಗಿದ್ದು ಅಲ್ಲೇ ತಪ್ಪಿಹೋಯಿತು.

ಈ ವಿಷಯ ನನಗೆ ಯಾಕೆ ಇಷ್ಟು ತಾಗುತ್ತದೆ ಅಂದರೆ, ನಾನು ಹುಟ್ಟಿ ಬೆಳೆದದ್ದು ಕಲಬುರಗಿ ಜಿಲ್ಲೆಯ ಆಳಂದದಲ್ಲಿ. 1993ರ ಸೆಪ್ಟೆಂಬರ್ 30, ಬೆಳಗಿನ ಜಾವ ನಾಲ್ಕರ ಹತ್ತಿರ. ನನಗೆ ಆಗ ಒಂಬತ್ತು ವರ್ಷ. ಗೂಡಿನಲ್ಲಿಟ್ಟಿದ್ದ ಚೆಂಬು ಉರುಳಿ ಬಿದ್ದ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಅಪ್ಪ ನನ್ನನ್ನೂ ತಮ್ಮನನ್ನೂ ಎತ್ತಿಕೊಂಡು ಬಯಲಿಗೆ ಓಡಿದರು. ನಮ್ಮ ಮನೆ ನಿಂತಿತು. ಅತ್ತ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಊರುಗಳು ನಿಲ್ಲಲಿಲ್ಲ. ಹಿಂದಿನ ರಾತ್ರಿ ಗಣಪತಿ ಕಳಿಸಿ ಬಂದು ಮಲಗಿದ್ದ ಜನ. ಸುಮಾರು ಹತ್ತು ಸಾವಿರ ಜೀವ ಹೋಯಿತು.

ಆ ಭೂಕಂಪದ ತೀವ್ರತೆ 6.2. ಜಗತ್ತಿನ ಲೆಕ್ಕದಲ್ಲಿ ತೀರಾ ದೊಡ್ಡದಲ್ಲ. ಜನರನ್ನು ಕೊಂದದ್ದು ಅವರವರ ಮನೆಗಳೇ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ. ಒಳಗೊಂದು ಪದರ, ಹೊರಗೊಂದು ಪದರ, ಎರಡನ್ನೂ ಹಿಡಿದಿಡುವ ಉದ್ದ ಕಲ್ಲು ಇಲ್ಲ. ಮೇಲೆ ಮಣ್ಣು ತುಂಬಿದ ಭಾರದ ಮಾಳಿಗೆ. ನಮ್ಮ ಮನೆಯೂ ಹಾಗೇ ಇತ್ತು. ನಾವು ಸ್ವಲ್ಪ ದೂರದಲ್ಲಿದ್ದೆವು, ಅಷ್ಟೇ.

ಈಗ ನಾವಿರುವ ಪುಣೆಯಲ್ಲಿ ಭೂಕಂಪ ಎಲ್ಲಿ ಬರುತ್ತೆ ಅಂತ ಕೇಳುವವರಿದ್ದಾರೆ. 1967ರ ಡಿಸೆಂಬರ್ 11ರಂದು ಮಹಾರಾಷ್ಟ್ರದ್ದೇ ಆದ ಕೊಯ್ನಾ ಅಣೆಕಟ್ಟಿನ ಪ್ರದೇಶ ನಡುಗಿದ್ದು ಇಲ್ಲಿನ ಹಿರಿಯರಿಗೆ ಚೆನ್ನಾಗಿ ನೆನಪಿದೆ.

ಪ್ರದರ್ಶನ ಮುಗಿದ ಮುಂದಿನ ಭಾನುವಾರ ನಮ್ಮ ಸೊಸೈಟಿಯ, ಅಂದರೆ ಅಪಾರ್ಟ್‌ಮೆಂಟಿನ, ಆರು ಮಕ್ಕಳನ್ನು ಮನೆಗೆ ಕರೆದೆ. ಹಿಂದಿನ ರಾತ್ರಿಯೇ ಒಂದು ಪಾವು ಒಣ ಬಟಾಣಿ ನೆನೆಹಾಕಿದ್ದೆ. ಜೊತೆಗೆ ಎರಡು ಡಬ್ಬಿ ಟೂತ್‌ಪಿಕ್. ನೆನೆದ ಬಟಾಣಿಗೆ ಕಡ್ಡಿ ಸಲೀಸಾಗಿ ಚುಚ್ಚುತ್ತದೆ, ಒಣಗಿದ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ. ಅಲುಗಾಡಿಸಲು ಎರಡು ದಪ್ಪ ರಟ್ಟು, ನಡುವೆ ಇಪ್ಪತ್ತು ಗೋಲಿ, ನಾಲ್ಕು ಮೂಲೆಗೆ ರಬ್ಬರ್ ಬ್ಯಾಂಡ್. ಮೇಲಿನ ರಟ್ಟನ್ನು ಒಂದಿಂಚು ಎಳೆದು ಬಿಟ್ಟರೆ ಅದೇ ಭೂಕಂಪ.

ಇಲ್ಲಿನ ಮಕ್ಕಳಿಗೆ ಕಟ್ಟುವುದು ಹೊಸದಲ್ಲ. ದೀಪಾವಳಿ ಬಂತೆಂದರೆ ಪ್ರತಿ ಸೊಸೈಟಿಯಲ್ಲೂ ಇಟ್ಟಿಗೆ, ಗೋಣಿಚೀಲ, ಕೆಸರು ಸೇರಿಸಿ ಶಿವಾಜಿಯ ಕಿಲ್ಲೆ ಕಟ್ಟುತ್ತಾರೆ. ಹಾಗಾಗಿ ಹೇಗೆ ಕಟ್ಟಬೇಕು ಅಂತ ನಾನು ಹೇಳಲಿಲ್ಲ. ಎಲ್ಲರೂ ಚೌಕ ಚೌಕವಾಗಿ ಮೂರು ಮಹಡಿ ಏರಿಸಿದರು. ಒಂದೇ ಎಳೆತಕ್ಕೆ ಎಲ್ಲವೂ ಓರೆಯಾಗಿ ಚಪ್ಪಟೆಯಾದವು. "ಪಡ್ಲ, ಪಡ್ಲ!" ಅಂತ ಮರಾಠಿಯಲ್ಲಿ ಒಂದೇ ಕೂಗು.

ಆಗ ಒಂದೇ ಪ್ರಶ್ನೆ ಕೇಳಿದೆ. ಮೊದಲು ಏನು ಹೋಯಿತು, ನೋಡಿ. ಎಲ್ಲರೂ ಬಗ್ಗಿ ನೋಡಿದರು. ಕಡ್ಡಿ ಒಂದೂ ಮುರಿದಿರಲಿಲ್ಲ. ಮೂಲೆಗಳು ತಿರುಗಿದ್ದವು. ಎಂಟು ವರ್ಷದ ಹುಡುಗನೊಬ್ಬ ಚೌಕದಲ್ಲಿ ಓರೆಯಾಗಿ ಕಡ್ಡಿ ಹಾಕಲು ಹೋದ. ಟೂತ್‌ಪಿಕ್ ಸಾಲಲಿಲ್ಲ. ಚೌಕದ ಬದಿಗಿಂತ ಓರೆ ಗೆರೆ ಉದ್ದ ಅಲ್ವಾ? ಸ್ವಲ್ಪ ಹೊತ್ತು ಸುಮ್ನೆ ಕೂತ. ಆಮೇಲೆ ಎದ್ದು ಹೋಗಿ ಕಸಬರಿಗೆಯಿಂದ ಕಡ್ಡಿ ಕಿತ್ತು ತಂದು, ಅಳತೆ ನೋಡಿ ಕತ್ತರಿಸಿದ. ಚೌಕ ಎರಡು ತ್ರಿಕೋನ ಆಯಿತು. ಈ ಸಲ ಬೀಳಲಿಲ್ಲ.

ಇದೇ ಊರಿನಲ್ಲಿ ಅಯುಕಾ ಎಂಬ ಖಗೋಳವಿಜ್ಞಾನ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ಅರವಿಂದ ಗುಪ್ತಾ ಅವರು ವರ್ಷಗಟ್ಟಲೆ ಇಂಥದ್ದೇ ಕಲಿಸಿದರು. ಕಾನ್ಪುರ ಐಐಟಿಯಲ್ಲಿ ಓದಿ ಟೆಲ್ಕೋದಲ್ಲಿ (ಈಗಿನ ಟಾಟಾ ಮೋಟಾರ್ಸ್) ಕೆಲಸಕ್ಕಿದ್ದವರು 1978ರಲ್ಲಿ ರಜೆ ಹಾಕಿ ಮಧ್ಯಪ್ರದೇಶದ ಹೋಶಂಗಾಬಾದಿನ ಹಳ್ಳಿ ಶಾಲೆಗಳ ಕಡೆ ಹೋದರು. ಬೆಂಕಿಕಡ್ಡಿಗಳನ್ನು ಸೈಕಲ್ ವಾಲ್ವ್ ಟ್ಯೂಬಿನ ಚೂರುಗಳಲ್ಲಿ ಸಿಕ್ಕಿಸಿ ಆಕಾರ ಕಟ್ಟುವ ಆಟ ಅವರದು. ಚೌಕ ಅಲ್ಲಾಡುತ್ತದೆ, ತ್ರಿಕೋನ ಅಲ್ಲಾಡುವುದಿಲ್ಲ. ಅದನ್ನು ಮಗುವಿನ ಬೆರಳೇ ಕಂಡುಕೊಳ್ಳುತ್ತದೆ. ಸಾವಿರಾರು ರೂಪಾಯಿಯ ಕಿಟ್‌ಗಳಲ್ಲಿ ನನಗೆ ಹಿಡಿಸದೇ ಇರುವುದು ಇದೇ. ಎಲ್ಲ ತುಂಡುಗಳೂ ಸರಿಯಾದ ಅಳತೆಯಲ್ಲೇ ಬರುತ್ತವೆ. ಕಸಬರಿಗೆ ಹುಡುಕಿಕೊಂಡು ಹೋಗುವ ಕಾರಣವೇ ಇರುವುದಿಲ್ಲ.

ನಂತರ ತುದಿಯ ಮಹಡಿಯ ಮೇಲೆ ರಟ್ಟಿನ ತುಂಡು ಇಟ್ಟು, ಅದರ ಮೇಲೆ ಒಂದು ಬೆಲ್ಲದ ಅಚ್ಚು ಇಟ್ಟೆವು. ಅಷ್ಟು ಹೊತ್ತು ನಿಂತಿದ್ದ ಮನೆ ಎರಡನೇ ಎಳೆತಕ್ಕೇ ಕುಸಿಯಿತು. ಆಗ ಕಿಲ್ಲಾರಿಯ ಮಾಳಿಗೆಗಳ ಕತೆ ಹೇಳಿದೆ. ಮಕ್ಕಳು ಗಲಾಟೆ ಮಾಡದೆ ಕೇಳಿದರು.

ಕೊನೆಗೆ, ಕೆಳಗೆ ಕಾರು ನಿಲ್ಲಿಸಬೇಕು, ಜಾಗ ಬಿಡಿ ಅಂದೆ. ಕೆಳಗಿನ ಮಹಡಿಯ ಓರೆ ಕಡ್ಡಿಗಳನ್ನಷ್ಟೇ ತೆಗೆದರು. ರಟ್ಟು ಎಳೆದಾಗ ಮೇಲಿನ ಎರಡು ಮಹಡಿ ಹಾಗೇ ಇದ್ದವು, ಕೆಳಗಿನದು ಮಾತ್ರ ಮಡಚಿಕೊಂಡಿತು. 2001ರ ಜನವರಿ 26ರಂದು ಅಹಮದಾಬಾದಿನಲ್ಲಿ ಎಷ್ಟೋ ಅಪಾರ್ಟ್‌ಮೆಂಟ್‌ಗಳು ಬಿದ್ದದ್ದು ಹೀಗೆಯೇ. ಭೂಕಂಪದ ಕೇಂದ್ರ ಭುಜ್ ಹತ್ತಿರ, ಅಹಮದಾಬಾದಿನಿಂದ ಇನ್ನೂರು ಕಿಲೋಮೀಟರಿಗೂ ದೂರ. ಮೇಲೆ ಗೋಡೆಗಳಿಂದ ಬಿಗಿಯಾದ ಮನೆಗಳು, ಕೆಳಗೆ ಬರೀ ಕಂಬಗಳು.

ಮಗಳು ನನ್ನ ಮುಖ ನೋಡಿದಳು. "ಮಮ್ಮಿ, ನಮ್ಮ ಬಿಲ್ಡಿಂಗೂ ಹಿಂಗೇ ಅದ ಅಲ್ಲಾ?"

ಎಲ್ಲರನ್ನೂ ಪಾರ್ಕಿಂಗಿಗೆ ಕರೆದುಕೊಂಡು ಹೋದೆ. ಎರಡನೇ ಮಹಡಿಯ ಕಾಕಾ ನಿವೃತ್ತ ಸಿವಿಲ್ ಇಂಜಿನಿಯರ್. ಕೆಳಗೆ ಪಾರ್ಕಿಂಗ್ ಇದ್ದ ಮಾತ್ರಕ್ಕೆ ಕಟ್ಟಡ ಕೆಟ್ಟದ್ದಲ್ಲ, ಅದಕ್ಕೆ ತಕ್ಕಂತೆ ಕಟ್ಟಿರಬೇಕು ಅಂದರು. ಲಿಫ್ಟಿನ ಸುತ್ತಲಿನ ಕಾಂಕ್ರೀಟ್ ಗೋಡೆ ಅಡಿಪಾಯದವರೆಗೂ ಇಳಿದಿರುವುದನ್ನು ಮುಟ್ಟಿಸಿ ತೋರಿಸಿದರು. ಕಂಬಗಳ ದಪ್ಪವನ್ನು ಮಕ್ಕಳು ಗೇಣಿನಲ್ಲಿ ಅಳೆದರು.

ಪಕ್ಕದಲ್ಲಿ ಹಳೇ ಕಟ್ಟಡ ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಕಾಕಾ ಗೇಟಿನ ಹತ್ತಿರ ಕರೆದೊಯ್ದರು. ಸರಳು ಬಗ್ಗಿಸುತ್ತಿದ್ದವರು ಯಾದಗಿರಿ ಕಡೆಯವರು. ಮಗಳ ಕನ್ನಡ ಕೇಳಿ ಅವರಿಗೆ ಖುಷಿಯೋ ಖುಷಿ. ಕಂಬದ ಸರಳುಗಳಿಗೆ ಸುತ್ತುವ ಒಂದು ರಿಂಗ್ ಎತ್ತಿ ತೋರಿಸಿದರು. "ಇಲ್ಲಿ ನೋಡವ್ವ. ತುದಿ ಹೊರಗ ಬಿಟ್ರ ಅಲುಗಾಡಿದಾಗ ಬಿಚ್ಕೋತದ. ಹಿಂಗ ಒಳಗ ಮಡಚಬೇಕು." ಆ ಮಡಿಕೆ 135 ಡಿಗ್ರಿ ಇರಬೇಕು ಅಂತ ಕಾಕಾ ಹೇಳಿದರು. ಕಾಂಕ್ರೀಟಿನ ಹೊರಪದರ ಉದುರಿಹೋದರೂ ಒಳಗೆ ಸಿಕ್ಕಿಕೊಂಡ ಕೊಂಡಿ ಬಿಡುವುದಿಲ್ಲವಂತೆ. ಮಗಳು ಕೋನಮಾಪಕ ಹಿಡಿದು ಎಷ್ಟೋ ಸಲ 135 ಗುರುತು ಹಾಕಿದ್ದಾಳೆ. ಅದು ಕಬ್ಬಿಣದಲ್ಲಿ ಹೇಗಿರುತ್ತದೆ ಅಂತ ನೋಡಿದ್ದು ಅವತ್ತೇ.

ನಿಮ್ಮ ಮಕ್ಕಳ ಶಾಲೆಯಲ್ಲಿ ಇಂಥ ಪ್ರದರ್ಶನ ಇದ್ದರೆ ದಯವಿಟ್ಟು ಒಂದು ಮಾತು ಕೇಳಿ. ಅಲುಗಾಡಿಸುತ್ತೀರಾ? ಬಿದ್ದ ಮೇಲೆ ಎಲ್ಲಿ ಬಿಟ್ಟಿತು ಅಂತ ಮಕ್ಕಳಿಂದ ಬರೆಸುತ್ತೀರಾ? ಹೆಚ್ಚು ಅಂಕ ಅದಕ್ಕೆ ಕೊಡಲಿ. ಮಗು ಅತ್ತರೆ ಎರಡು ನಿಮಿಷ ಅಳುತ್ತದೆ. ಆಮೇಲೆ ಅದರ ಕೈ ತಾನಾಗಿ ಕಡ್ಡಿ ಹುಡುಕುತ್ತದೆ. ನಾನು ಕಣ್ಣಾರೆ ನೋಡಿದ್ದೇನೆ.

ಅವತ್ತು ರಾತ್ರಿ ಮಗಳು ಊಟ ಮುಗಿಸಿ ಮತ್ತೆ ಕೂತಳು. ಕೆಳಗಿನ ಮಹಡಿಯ ಒಂದೊಂದು ಮೂಲೆಗೂ ದಾರ ಸುತ್ತಿ, ತುದಿಯನ್ನು ಒಳಗೆ ಸಿಕ್ಕಿಸಿದಳು. ಐದು ಎಳೆತ ತಡೆಯಿತು. ಆರನೆಯದಕ್ಕೆ ಬಿತ್ತು. ನೋಟ್‌ಬುಕ್ಕಿನಲ್ಲಿ ಅವಳು ಬರೆದಿದ್ದಾಳೆ: "ಮೂರನೇ ಮಹಡಿ, ಎಡಗಡೆ ಮೂಲೆ. ಬಟಾಣಿ ಸೀಳಿದೆ. ದಾರ ಬಿಚ್ಚಿಲ್ಲ."