ಸತ್ಯಾಂಶ: ಪ್ರಾಣಿ ಪ್ರಯೋಗಕ್ಕೆ ಕಾನೂನಿನ ಅಂಕುಶವೇ ಇಲ್ಲವೇ?

ಪ್ರಯೋಗಾಲಯದಲ್ಲಿ ಪ್ರಾಣಿಗಳನ್ನು ಏನು ಮಾಡಿದರೂ ಕೇಳುವವರಿಲ್ಲ ಎಂಬ ಸಂದೇಶ ಮಂಗಳೂರು, ಉಡುಪಿಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಹಂಚುವವರ ಕನಿಕರ ನಿಜವಾದದ್ದು, ಗೌರವಕ್ಕೆ ಅರ್ಹವಾದದ್ದು. ಸಂದೇಶ ಮಾತ್ರ ನಿಜವಲ್ಲ.

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಯೋಗಗಳನ್ನು ನಿಷೇಧಿಸಿಲ್ಲ, ಆದರೆ ಷರತ್ತುಗಳಿಗೆ ಒಳಪಡಿಸಿದೆ. ಇಲಿ, ಮೊಲ, ಕಪ್ಪೆಯಂಥ ಸಣ್ಣ ಪ್ರಾಣಿಗಳಿಂದ ಅದೇ ಫಲಿತಾಂಶ ಸಿಗುವಂತಿದ್ದರೆ ದೊಡ್ಡ ಪ್ರಾಣಿಗಳನ್ನು ಬಳಸದಂತೆ, ಸಾಧ್ಯವಾದ ಮಟ್ಟಿಗೆ ಶಸ್ತ್ರಕ್ರಿಯೆಯ ನೋವು ತಟ್ಟದಂತೆ ಅರಿವಳಿಕೆ ಕೊಡುವಂತೆ ನಿಯಮಗಳು ನೋಡಿಕೊಳ್ಳಬೇಕೆಂದು ಅದರ 17ನೇ ಸೆಕ್ಷನ್ ಹೇಳುತ್ತದೆ. 1998ರ ನಿಯಮಗಳ ಪ್ರಕಾರ ಸಂಸ್ಥೆಯ ನೋಂದಣಿಯೂ, ಪ್ರಯೋಗದ ಪ್ರಸ್ತಾವವನ್ನು ಪರಿಶೀಲಿಸುವ ನೈತಿಕ ಸಮಿತಿಯ ಪೂರ್ವಾನುಮತಿಯೂ ಕಡ್ಡಾಯ. ನಿಯಮವಿದ್ದ ಮಾತ್ರಕ್ಕೆ ಉಲ್ಲಂಘನೆ ನಡೆಯುವುದೇ ಇಲ್ಲವೆಂದು ಅರ್ಥವಲ್ಲ.

ಪರಿಶೀಲಿಸುವುದು ಕಷ್ಟವಲ್ಲ. ಸಂದೇಶದಲ್ಲಿ ಸ್ಥಳ, ದಿನಾಂಕ ಇದೆಯೇ ನೋಡಿ; ಕೇಂದ್ರ ಸರ್ಕಾರದ ಕಾನೂನು ಜಾಲತಾಣದಲ್ಲಿ ಕಾಯ್ದೆಯ 14ರಿಂದ 20ರವರೆಗಿನ ಸೆಕ್ಷನ್‌ಗಳನ್ನು ಓದಿ; ಸಂಶೋಧನಾ ಲೇಖನವಾದರೆ ನೈತಿಕ ಸಮಿತಿಯ ಅನುಮತಿಯ ಉಲ್ಲೇಖವನ್ನು ಹುಡುಕಿ.