ತಾರೀಖು ಹೇಳುವವರನ್ನು ಬಿಡಿ, ದಾನಿಯೇಲ ಏನು ಮಾಡಿದ ನೋಡಿ

ಯೇಸು ಸ್ವಾಮಿ ಇಂಥ ದಿನವೇ ಬರುತ್ತಾರೆ ಎಂದು ತಾರೀಖು ಹಾಕಿದ ವಿಡಿಯೋಗಳನ್ನು ದಯವಿಟ್ಟು ಯಾರೂ ಫಾರ್ವರ್ಡ್ ಮಾಡಬೇಡಿ. ಎರಡನೇ ಬರೋಣವನ್ನು ನಾನು ಮನಸಾರೆ ನಂಬುತ್ತೇನೆ. ಜೀವಿಸುವವರಿಗೂ ಸತ್ತವರಿಗೂ ನ್ಯಾಯತೀರಿಸಲು ಕರ್ತನು ತಿರುಗಿ ಬರುತ್ತಾನೆ ಎಂದು ಪ್ರತಿ ಭಾನುವಾರ ಬಾಯಿಬಿಟ್ಟು ಹೇಳುತ್ತೇನೆ, ಬರೀ ಬಾಯಿಪಾಠ ಎಂದು ಹೇಳುವುದಿಲ್ಲ. ನಂಬಿರುವುದರಿಂದಲೇ ಈ ವಿಷಯದಲ್ಲಿ ಸುಮ್ನೆ ಕೂರಲು ಆಗುತ್ತಿಲ್ಲ.

2025ರ ಸೆಪ್ಟೆಂಬರ್ 23, 24ರ ಗಲಾಟೆ ನೆನಪಿದೆ ಅಲ್ವಾ? ದಕ್ಷಿಣ ಆಫ್ರಿಕಾದ ಒಬ್ಬರು ತಮಗೆ ದರ್ಶನ ಆಯಿತು, ಆ ಎರಡು ದಿನಗಳಲ್ಲಿ ಸಭೆ ಎತ್ತಲ್ಪಡುತ್ತದೆ, ಅಂದರೆ ನಂಬಿದವರನ್ನೆಲ್ಲ ಕರ್ತನು ಮೇಲಕ್ಕೆ ತನ್ನ ಬಳಿಗೆ ಎತ್ತಿಕೊಳ್ಳುತ್ತಾನೆ ಎಂದರು. ಅದು ಟಿಕ್‌ಟಾಕ್‌ನಲ್ಲಿ ಹಬ್ಬಿತು. ಕೆಲಸ ಬಿಟ್ಟೆವು, ಕಾರು ಮಾರಿದೆವು ಎಂದು ಹೇಳಿಕೊಂಡು ವಿಡಿಯೋ ಹಾಕಿದವರೂ ಇದ್ದರು. 25ನೇ ತಾರೀಖು ಎಂದಿನಂತೆ ಬೆಳಗಾಯಿತು. ಆಮೇಲೆ ಅಕ್ಟೋಬರ್ ಎಂದರು, ಅದೂ ಹೋಯಿತು. ನಕ್ಕವರು ನಕ್ಕು ಮರೆತರು. ನಿಜವಾಗಿ ನಂಬಿ ಕಾದವರು ಇದ್ದರಲ್ಲ, ಅವರ ಬಗ್ಗೆ ನನಗೆ ಸಂಕಟ.

ಬೈಬಲಿನಲ್ಲಿ ಲೂಕ 21:8 ತೆಗೆದು ಓದಿ. ಅನೇಕರು ನನ್ನ ಹೆಸರು ಹೇಳಿಕೊಂಡು ಬರುತ್ತಾರೆ, ನಾನೇ ಆತ ಎನ್ನುತ್ತಾರೆ, ಕಾಲ ಹತ್ತಿರ ಬಂತು ಎನ್ನುತ್ತಾರೆ, ಅವರ ಹಿಂದೆ ಹೋಗಬೇಡಿ ಎಂದು ಸ್ವಾಮಿ ಹೇಳುತ್ತಾರೆ. 'ನಾನೇ ಕ್ರಿಸ್ತ' ಎಂದು ಬಂದವನನ್ನು ನಾವು ಹೊಸ್ತಿಲು ದಾಟಲು ಬಿಡುವುದಿಲ್ಲ. 'ಕಾಲ ಬಂತು, ಇಗೋ ತಾರೀಖು' ಎಂದವನಿಗೆ ಮಾತ್ರ ಕರೆದು ಮೈಕ್ ಕೊಡುತ್ತೇವೆ. ಸ್ವಾಮಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಬೈಬಲಿನ ಕಡೆಯದಾದ ಪ್ರಕಟನೆ ಪುಸ್ತಕದಲ್ಲೇ ಕಾಲ ಹತ್ತಿರ ಇದೆ ಎಂದು ಬರೆದಿಲ್ಲವಾ ಎಂದು ಕೇಳುತ್ತೀರಿ. ಬರೆದಿದೆ, 1:3ರಲ್ಲಿ. ಆದರೆ ಅದರ ಹಿಂದಿನ ಮಾತು ನೋಡಿ, ಇದನ್ನು ಓದುವವನೂ ಕೇಳುವವನೂ ಕೈಕೊಂಡು ನಡೆಯುವವನೂ ಧನ್ಯರು ಎಂದಿದೆ. ಲೆಕ್ಕ ಹಾಕಿದವನು ಧನ್ಯ ಎಂದು ಎಲ್ಲೂ ಇಲ್ಲ.

ಲೆಕ್ಕ ಹಾಕಿದವರೆಲ್ಲ ಕೆಟ್ಟವರು ಎಂದು ನಾನು ಹೇಳುವುದಿಲ್ಲ. ವಿಲಿಯಂ ಮಿಲ್ಲರ್ ಅವರನ್ನು ತಗೊಳ್ಳಿ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ರೈತ, ವರ್ಷಗಟ್ಟಲೆ ಬೈಬಲನ್ನು ಒಂದೊಂದೇ ವಚನ ಹಿಡಿದು ಓದಿದ ಪ್ರಾಮಾಣಿಕ ಮನುಷ್ಯ. ದಾನಿಯೇಲ 8:14ರ 2300 ದಿನಗಳನ್ನು 2300 ವರ್ಷ ಎಂದು ಹಿಡಿದು, ಕ್ರಿ.ಪೂ. 457ರಿಂದ ಎಣಿಸಿ, 1843ರ ಸುಮಾರಿಗೆ ಕರ್ತನ ಬರೋಣ ಎಂದರು. ಅದು ದಾಟಿದ ಮೇಲೆ ಅವರ ಜೊತೆಗಿದ್ದವರು ಮತ್ತೆ ಎಣಿಸಿ 1844ರ ಅಕ್ಟೋಬರ್ 22 ಎಂದರು. ಸಾವಿರಾರು ಜನ ಕಾದರು. ಕೆಲವರು ಬೆಳೆ ಕೊಯ್ಯದೆ ಹೊಲದಲ್ಲೇ ಬಿಟ್ಟರು, ಕೊಯ್ದರೆ ನಂಬಿಕೆ ಇಲ್ಲ ಎಂದಾಗುತ್ತದಲ್ಲ ಎಂದು. ಮಧ್ಯರಾತ್ರಿ ದಾಟಿತು. ಬೆಳಕು ಹರಿಯುವವರೆಗೂ ಅತ್ತೆವು, ಅತ್ತೆವು ಎಂದು ಅವರಲ್ಲೊಬ್ಬರಾದ ಹೈರಂ ಎಡ್ಸನ್ ಬರೆದಿಟ್ಟಿದ್ದಾರೆ. ಚರಿತ್ರೆಯಲ್ಲಿ ಅದಕ್ಕೆ 'ಮಹಾ ನಿರಾಶೆ' ಎಂದೇ ಹೆಸರು. ಆ ಜನರ ಭಕ್ತಿಯನ್ನು ನಾನು ಅನುಮಾನಿಸುವುದಿಲ್ಲ. ಅಷ್ಟು ಭಕ್ತಿ ಇದ್ದವರೇ ಹಾಗೆ ಮುರಿದುಹೋದರು ಎಂಬುದೇ ನನ್ನನ್ನು ಕಾಡುವುದು.

ದಕ್ಷಿಣ ಕೊರಿಯಾದ ಕಥೆ ಬೇರೆ. ದಾಮಿ ಮಿಷನ್ ಎಂಬ ಪಂಗಡದ ಲೀ ಜಾಂಗ್ ರಿಮ್, 1992ರ ಅಕ್ಟೋಬರ್ 28ಕ್ಕೆ ಎತ್ತಲ್ಪಡುವಿಕೆ ಎಂದು ಸಾರಿದರು. ಜನ ದುಡ್ಡು ತಂದು ಕೊಟ್ಟರು. ಆ ದಿನಕ್ಕೆ ಮೊದಲೇ ಪೊಲೀಸರು ಲೀ ಅವರನ್ನು ಹಿಡಿದರು. ಅವರ ಹೆಸರಿನಲ್ಲಿದ್ದ ಬಾಂಡ್‌ಗಳ ಅವಧಿ ಮುಗಿಯುವುದು 1993ರ ಮೇ ತಿಂಗಳಲ್ಲಿ. ಲೋಕಕ್ಕೆಲ್ಲ ಅಕ್ಟೋಬರ್, ತಮ್ಮ ಹಣಕ್ಕೆ ಮಾತ್ರ ಮುಂದಿನ ಮೇ! ಕೋರ್ಟ್ ಅವರನ್ನು ವಂಚನೆಗಾಗಿ ಜೈಲಿಗೆ ಕಳಿಸಿತು. 2011ರ ಮೇ 21 ಎಂದು ರೇಡಿಯೋದಲ್ಲಿ, ರಸ್ತೆ ಬದಿಯ ಬೋರ್ಡ್‌ಗಳಲ್ಲಿ ಸಾರಿದ ಹೆರಾಲ್ಡ್ ಕ್ಯಾಂಪಿಂಗ್ ಕಡೆಗೆ ಮರುವರ್ಷ ಪತ್ರ ಬರೆದು, ತಾರೀಖು ಹೇಳಿದ್ದು ಪಾಪ ಎಂದು ಒಪ್ಪಿಕೊಂಡರು. ಆ ಒಂದು ಕೆಲಸಕ್ಕೆ ನಾನು ಅವರನ್ನು ಗೌರವಿಸುತ್ತೇನೆ.

ಈಗ ದಾನಿಯೇಲನ ಹತ್ತಿರ ಬರೋಣ. ಅಂತ್ಯಕಾಲದ ಲೆಕ್ಕದ ಚಾರ್ಟ್ ಬರೆಯುವವರೆಲ್ಲ ಅವನ ಹೆಸರನ್ನೇ ಹೇಳುತ್ತಾರಲ್ಲ. 9ನೇ ಅಧ್ಯಾಯ ತೆಗೆಯಿರಿ. ಬಾಬಿಲೋನಿಗೆ ಸೆರೆಯಾಗಿ ಬಂದು ಮುದುಕನಾಗಿರುವ ಮನುಷ್ಯ. ಯೆರೆಮೀಯನ ಗ್ರಂಥ ಓದುತ್ತಾನೆ, ಯೆರೂಸಲೇಮು ಹಾಳುಬಿದ್ದಿರುವ ಕಾಲ 70 ವರ್ಷ ಎಂದು ತಿಳಿದುಕೊಳ್ಳುತ್ತಾನೆ. ಅಂದರೆ ಅವನೂ ಲೆಕ್ಕ ನೋಡಿದ, ಅವನಿಗೆ ಸಿಕ್ಕ ಲೆಕ್ಕ ಸರಿಯಾಗಿಯೂ ಇತ್ತು. ಆಮೇಲೆ ಏನು ಮಾಡಿದ? ಊರಿಗೆಲ್ಲ ಡಂಗುರ ಹೊಡೆಸಲಿಲ್ಲ. ಗೋಣಿತಟ್ಟು ಉಟ್ಟು, ಬೂದಿ ಹಾಕಿಕೊಂಡು, ಉಪವಾಸ ಕೂತ. ನಾವು ಪಾಪ ಮಾಡಿದ್ದೇವೆ, ನಿನ್ನ ಮಾತು ಕೇಳಲಿಲ್ಲ, ನಮಗೆ ನಾಚಿಕೆಯೇ ಗತಿ ಎಂದು ಅತ್ತ. ಇಡೀ ಬೈಬಲಿನಲ್ಲಿ ಒಂದು ಕಪ್ಪುಚುಕ್ಕೆ ಇಲ್ಲದೆ ಬದುಕಿದ ಕೆಲವೇ ಜನರಲ್ಲಿ ಅವನೊಬ್ಬ, ಆದರೂ 'ಅವರು ಪಾಪ ಮಾಡಿದರು' ಎನ್ನಲಿಲ್ಲ. ಆ ಪ್ರಾರ್ಥನೆ 4ನೇ ವಚನದಿಂದ 19ರವರೆಗೆ ಇದೆ. ಚಾರ್ಟಿನವರು ಎಣಿಸುವ 70 ವಾರಗಳ ಪ್ರವಾದನೆ ಬರುವುದು 24ರಿಂದ 27ರವರೆಗೆ, ನಾಲ್ಕೇ ನಾಲ್ಕು ವಚನ. ಆ ನಾಲ್ಕು ವಚನದ ಮೇಲೆ ಗೋಡೆ ತುಂಬುವಷ್ಟು ಚಾರ್ಟ್ ಬರೆದಿದ್ದೇವೆ. ಹಿಂದಿನ ಹದಿನಾರು ವಚನ ಯಾರ ಚಾರ್ಟಿನಲ್ಲೂ ನಾನು ನೋಡಿಲ್ಲ.

ಅವನು ಓದಿದ ಯೆರೆಮೀಯನನ್ನೂ ಸ್ವಲ್ಪ ನೋಡಿ. 28ನೇ ಅಧ್ಯಾಯದಲ್ಲಿ ಹನನ್ಯ ಎಂಬ ಪ್ರವಾದಿ ದೇವಾಲಯದಲ್ಲಿ ಎಲ್ಲರ ಮುಂದೆ ನಿಂತು, ಎರಡೇ ವರ್ಷದಲ್ಲಿ ಸೆರೆ ಹೋದವರು ಬಾಬಿಲೋನಿನಿಂದ ತಿರುಗಿ ಬಂದು ಎಲ್ಲಾ ಸರಿಹೋಗುತ್ತದೆ ಎಂದು ಸಾರಿದ. ಬಾಬಿಲೋನಿಗೆ ತಲೆಬಾಗಬೇಕು ಎಂಬುದರ ಗುರುತಾಗಿ ಯೆರೆಮೀಯನ ಕೊರಳಿನಲ್ಲಿದ್ದ ನೊಗವನ್ನೇ ಕಿತ್ತು ಮುರಿದ. ಕೇಳಲು ಎಷ್ಟು ಚೆನ್ನಾಗಿತ್ತು, ಹತ್ತಿರದ ತಾರೀಖು! ಅದೇ ವರ್ಷ ಹನನ್ಯ ಸತ್ತ. 29ನೇ ಅಧ್ಯಾಯದಲ್ಲಿ ಯೆರೆಮೀಯ ಸೆರೆಯಲ್ಲಿದ್ದವರಿಗೆ ಕಾಗದ ಬರೆಯುತ್ತಾನೆ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಹಣ್ಣು ತಿನ್ನಿ, ಮಕ್ಕಳಿಗೆ ಮದುವೆ ಮಾಡಿ, ನೀವಿರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿ ಎನ್ನುತ್ತಾನೆ. 70 ವರ್ಷ ಎಂಬ ಮಾತೂ ಅದೇ ಕಾಗದದಲ್ಲಿದೆ. ನಿಜವಾದ ಪ್ರವಾದಿ ಜನರನ್ನು ಕೆಲಸಕ್ಕೆ ಹಚ್ಚಿದ. ಸುಳ್ಳು ಪ್ರವಾದಿ ಎರಡು ವರ್ಷ ಸುಮ್ನೆ ಕಾಯಲು ಹೇಳಿದ. ನನಗಂತೂ ಈಗಿನ ಪ್ರವಾದನೆಗಳನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ತಕ್ಕಡಿ ಕಂಡಿಲ್ಲ.

ಇನ್ನೊಂದು ನೋವು ಮಕ್ಕಳದ್ದು. ಸಂಡೇ ಸ್ಕೂಲಿನಲ್ಲಿ ನಮಗೆ ಎತ್ತಲ್ಪಡುವಿಕೆಯ ಪಾಠ ಮಾಡುತ್ತಿದ್ದರು. ಇಬ್ಬರು ಹೊಲದಲ್ಲಿರುತ್ತಾರೆ, ಒಬ್ಬನು ತೆಗೆದುಕೊಳ್ಳಲ್ಪಡುವನು, ಒಬ್ಬನು ಬಿಡಲ್ಪಡುವನು. ಸ್ಕೂಲಿನಿಂದ ಮನೆಗೆ ಬಂದಾಗ ಅಮ್ಮ ಕಾಣದಿದ್ದರೆ ಎದೆ ಡವಡವ ಎನ್ನುತ್ತಿತ್ತು. ಅಡುಗೆಮನೆ ನೋಡುತ್ತಿದ್ದೆ, ಹಿತ್ತಿಲು ನೋಡುತ್ತಿದ್ದೆ, ಆಮೇಲೆ ನಮ್ಮ ಸಭೆಯ ಭಕ್ತಿವಂತ ಅಜ್ಜಿಯೊಬ್ಬರ ಮನೆ ಹತ್ತಿರ ಹೋಗಿ ಇಣುಕುತ್ತಿದ್ದೆ, ಅವರು ಇದ್ದಾರೆ ಎಂದರೆ ಇನ್ನೂ ಆಗಿಲ್ಲ ಎಂದರ್ಥ. ಇದನ್ನು ಹೇಳಿದಾಗಲೆಲ್ಲ 'ನನಗೂ ಹೀಗೇ ಆಗುತ್ತಿತ್ತು' ಎನ್ನುವವರು ಜಾಸ್ತಿ ಸಿಗುತ್ತಾರೆ. ಎತ್ತಲ್ಪಡುವಿಕೆಯ ಮಾತನ್ನು ಅಪೊಸ್ತಲ ಪೌಲ 1 ಥೆಸಲೋನಿಕ 4ರಲ್ಲಿ ಬರೆದದ್ದು ಯಾರಿಗೆ ಗೊತ್ತಾ? ಥೆಸಲೋನಿಕದಲ್ಲಿ ತಮ್ಮವರನ್ನು ಮಣ್ಣು ಮಾಡಿ, ಅವರು ಕರ್ತನ ಬರೋಣವನ್ನು ನೋಡದೆ ಹೋದರಲ್ಲ ಎಂದು ಕುಗ್ಗಿದ್ದವರಿಗೆ. ಸತ್ತವರೇ ಮೊದಲು ಏಳುತ್ತಾರೆ, ನಾವೆಲ್ಲ ಒಟ್ಟಿಗೆ ಇರುತ್ತೇವೆ, ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂದು ಆ ಅಧ್ಯಾಯ ಮುಗಿಯುತ್ತದೆ. ದುಃಖದಲ್ಲಿದ್ದವರ ಕಣ್ಣೀರು ಒರೆಸಲು ಬರೆದ ಮಾತಿನಿಂದ ಎಂಟು ವರ್ಷದ ಮಗುವನ್ನು ಹೆದರಿಸುವುದು ತಪ್ಪು. ದೊಡ್ಡ ತಪ್ಪು.

ಸಭೆ ಮಹಾಸಂಕಟಕ್ಕೆ, ಅಂದರೆ ಅಂತ್ಯಕ್ಕೆ ಮುಂಚಿನ ಘೋರ ಕಷ್ಟದ ಕಾಲಕ್ಕೆ, ಮೊದಲೇ ಗುಟ್ಟಾಗಿ ಎತ್ತಲ್ಪಡುತ್ತದೆ, ಏಳು ವರ್ಷ ಕಳೆದ ಮೇಲೆ ಕರ್ತನು ಬಹಿರಂಗವಾಗಿ ಬರುತ್ತಾನೆ ಎಂಬ ಕ್ರಮವನ್ನು ಹರಡಿದವರು 1830ರ ದಶಕದಿಂದ ಈಚೆಗೆ ಜಾನ್ ನೆಲ್ಸನ್ ಡಾರ್ಬಿ ಮತ್ತು ಅವರ ಸಂಗಡಿಗರು. 1909ರಲ್ಲಿ ಬಂದ ಸ್ಕೋಫೀಲ್ಡ್ ಬೈಬಲಿನ ಟಿಪ್ಪಣಿಗಳಿಂದ ಅದು ಮನೆಮನೆಗೆ ಹೋಯಿತು. ಅದನ್ನು ನಂಬುವವರು ನನ್ನ ಒಡಹುಟ್ಟಿದವರೇ, ಅವರೊಂದಿಗೆ ಕರ್ತನ ಮೇಜಿಗೆ ಕೂರಲು ನನಗೆ ಯಾವ ಅಡ್ಡಿಯೂ ಇಲ್ಲ. ಆದರೆ ಇದೊಂದೇ ಬೈಬಲ್ ಹೇಳುವುದು, ಬೇರೆ ರೀತಿ ಓದುವವರು ನಂಬಿಕೆಯಿಂದ ಹಿಂಜರಿದವರು ಎನ್ನಬೇಡಿ. ಪ್ರಕಟನೆ 20ರಲ್ಲಿ ಬರುವ ಕ್ರಿಸ್ತನ ಸಾವಿರ ವರ್ಷದ ಆಳಿಕೆಯನ್ನು ಎರಡನೇ ಶತಮಾನದ ಬಿಷಪ್ ಐರೇನಿಯಸ್ ಮುಂದೆ ಬರುವ ಕಾಲ ಎಂದು ಓದಿದರು, ಐದನೇ ಶತಮಾನದ ಬಿಷಪ್ ಅಗಸ್ಟೀನ್ ಈಗ ನಡೆಯುತ್ತಿರುವ ಸಭೆಯ ಕಾಲ ಎಂದು ಓದಿದರು. ಇಬ್ಬರೂ ಕರ್ತನಿಗಾಗಿ ಕಾದವರೇ.

ಇನ್ನು 666, ಪ್ರಕಟನೆ 13ರಲ್ಲಿ ಬರುವ ಮೃಗದ ಸಂಖ್ಯೆ. ಬಾರ್‌ಕೋಡ್ ಬಂದಾಗ ಅದೇ ಮೃಗದ ಗುರುತು ಎಂದರು, ಕ್ರೆಡಿಟ್ ಕಾರ್ಡ್ ಬಂದಾಗ ಅದೇ ಎಂದರು, ಚಿಪ್ ಎಂದರು, ಕೊರೊನಾ ಲಸಿಕೆ ಎಂದರು. ದೇವಜನರ ಮೇಲೆ ಯುದ್ಧಕ್ಕೆ ಬರುವ ಶತ್ರು ಎಂದು ಬೈಬಲ್ ಹೇಳುವ ಗೋಗನ ವಿಷಯದಲ್ಲೂ ಇದೇ ಆಗಿದೆ. ನಾಲ್ಕನೇ ಶತಮಾನದಲ್ಲಿ ಬಿಷಪ್ ಅಂಬ್ರೋಸ್‌ಗೆ ಗೋಗ್ ಎಂದರೆ ರೋಮಿನ ಮೇಲೆ ದಂಡೆತ್ತಿದ ಗಾಥ್ ಜನ, ಸಭಾ ಸುಧಾರಕ ಲೂಥರ್‌ಗೆ ತುರ್ಕರು, ಶೀತಲ ಸಮರದ ಕಾಲದವರಿಗೆ ಸೋವಿಯತ್ ರಷ್ಯಾ. ಆಯಾ ಕಾಲಕ್ಕೆ ಯಾರ ಭಯ ಜಾಸ್ತಿಯೋ ಅವರೇ ಗೋಗ್. ಹಳಬರಲ್ಲಿ ಇದನ್ನು ಚೆನ್ನಾಗಿ ಅರಿತಿದ್ದವರು ಐರೇನಿಯಸ್. ಸುಮಾರು 180ರಲ್ಲೇ ಜನ 666ಕ್ಕೆ ಹೆಸರು ಹುಡುಕುತ್ತಿದ್ದರು. ಆಗ ಒಂದೊಂದು ಅಕ್ಷರಕ್ಕೂ ಒಂದು ಅಂಕಿ ಇತ್ತು; ಅವನ್ನು ಕೂಡಿಸಿದರೆ ಹೊಂದುವ ಹೆಸರು ಎಷ್ಟೋ ಸಿಗುತ್ತವೆ ಎಂದು ಎರಡು ಮೂರು ಹೆಸರು ಅವರೇ ಬರೆದು ತೋರಿಸಿದರು. ಆಮೇಲೆ, ಈಗಲೇ ಹೆಸರು ತಿಳಿಯುವುದು ಅಗತ್ಯ ಆಗಿದ್ದರೆ ದರ್ಶನ ಕಂಡ ಯೋಹಾನನೇ ಹೇಳುತ್ತಿದ್ದ, ಊಹೆ ಮಾಡುವುದಕ್ಕಿಂತ ಕಾಯುವುದು ಕ್ಷೇಮ ಎಂದು ನಿಲ್ಲಿಸಿಬಿಟ್ಟರು. ಈಗಿನ ಅನೇಕ ವಿದ್ವಾಂಸರು ನೀರೋ ಚಕ್ರವರ್ತಿಯ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದರೆ ಈ ಸಂಖ್ಯೆ ಬರುತ್ತದೆ ಎನ್ನುತ್ತಾರೆ. ಅದು ನನಗೂ ಹೆಚ್ಚು ಸರಿ ಅನ್ನಿಸುತ್ತದೆ.

ನನ್ನ ತಕರಾರು ಬೇರೆಯೇ ಇದೆ. 666 ಬರುವ ಪ್ರಕಟನೆ 13:18ಕ್ಕೆ ಬೈಬಲ್ ಮುಚ್ಚಿಬಿಡುತ್ತೇವೆ. ಮುಂದಿನದೇ ವಚನ, 14:1, ಅಲ್ಲಿಯೂ ಹಣೆಯ ಮೇಲೆ ಹೆಸರಿದೆ! ಯಜ್ಞದ ಕುರಿಯಾದಾತನ, ಅಂದರೆ ಕ್ರಿಸ್ತನ ಹೆಸರು, ಆತನ ತಂದೆಯ ಹೆಸರು. ಮೃಗದ ಗುರುತಿಗೆ ಹೆದರುವ ನಾವು, ಈ ಗುರುತು ನನ್ನ ಹಣೆಯ ಮೇಲೆ ಇದೆಯಾ ಎಂದು ಯಾಕೆ ಕೇಳಿಕೊಳ್ಳುವುದಿಲ್ಲ? ಸುಳ್ಳು ತೂಕ ಮಾಡುವ ಕೈ, ಆಳಿನ ಕೂಲಿ ಹಿಡಿದುಕೊಳ್ಳುವ ಕೈ ಯಾರ ಗುರುತು ಹೊತ್ತಿದೆ? ಚಿಪ್ ಹಾಕಿಸಿಕೊಳ್ಳದೆ ಇದ್ದ ಮಾತ್ರಕ್ಕೆ ಆ ಪ್ರಶ್ನೆ ತೀರುವುದಿಲ್ಲ.

ಹಾಗಾದರೆ ಯುದ್ಧ, ಭೂಕಂಪ, ಬರ, ಇವೆಲ್ಲ ಸೂಚನೆ ಅಲ್ವಾ ಎಂದು ಕೇಳುವವರಿಗೆ: ಹೌದು, ಆದರೆ ಮತ್ತಾಯ 24ರಲ್ಲಿ ಸ್ವಾಮಿ ಅವುಗಳ ಹೆಸರು ಹೇಳಿ, ಕಳವಳಪಡಬೇಡಿ, ಇದು ಇನ್ನೂ ಅಂತ್ಯವಲ್ಲ, ಪ್ರಸವವೇದನೆಯ ಪ್ರಾರಂಭ ಎಂದರು. ಅದೇ ಮಾತಿನ ಓಟದಲ್ಲಿ 25ನೇ ಅಧ್ಯಾಯಕ್ಕೆ ಬಂದು, ಹಸಿದವನಿಗೆ ಊಟ ಕೊಟ್ಟಿರಾ, ಸೆರೆಯಲ್ಲಿದ್ದವನನ್ನು ನೋಡಲು ಹೋದಿರಾ ಎಂದು ಕೇಳಿದರು. ಯುದ್ಧದ ಸುದ್ದಿ ಬಂದಾಗ 'ಪ್ರವಾದನೆ ನೆರವೇರುತ್ತಿದೆ' ಎಂದು ಖುಷಿಯಿಂದ ಸ್ಟೇಟಸ್ ಹಾಕುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಲ್ಲಿ ಸಾಯುತ್ತಿರುವುದು ಮಕ್ಕಳು. ಕರ್ತನ ದಿನವನ್ನು ಹಾರೈಸುವವರೇ ನಿಮ್ಮ ಗತಿಯನ್ನು ಏನು ಹೇಳಲಿ ಎಂದು ಪ್ರವಾದಿ ಆಮೋಸ ಗದರಿದ್ದು ಇಂಥವರನ್ನೇ.

ಪ್ರಕಟನೆ ಪುಸ್ತಕ ಹುಟ್ಟಿದ್ದು ಪತ್ಮೊಸ್ ದ್ವೀಪದಲ್ಲಿ. ಹೋಗಿ ತಲುಪಿದ್ದು ಈಗಿನ ಟರ್ಕಿಯ ಏಳು ಊರುಗಳ ಸಭೆಗಳಿಗೆ. ಅವುಗಳಲ್ಲಿ ಸ್ಮುರ್ನದ ಸಭೆಗೆ ಬಂದ ಮಾತು, ಸಾಯಬೇಕಾದರೂ ನಂಬಿಗಸ್ತನಾಗಿರು ಎಂದು. ಕೆಲವು ದಶಕಗಳ ನಂತರ ಅದೇ ಸ್ಮುರ್ನದ ಬಿಷಪ್ ಪಾಲಿಕಾರ್ಪ್ ಅವರನ್ನು ಹಿಡಿದು, ಕ್ರಿಸ್ತನನ್ನು ಬೈದುಬಿಡು, ಬಿಟ್ಟುಬಿಡುತ್ತೇವೆ ಎಂದರು. 86 ವರ್ಷ ಆತನ ಸೇವೆ ಮಾಡಿದ್ದೇನೆ, ಆತ ನನಗೆ ಯಾವ ಕೇಡೂ ಮಾಡಿಲ್ಲ, ನನ್ನ ರಾಜನನ್ನು ಹೇಗೆ ಬೈಯಲಿ ಎಂದು ಹೇಳಿ ಬೆಂಕಿಗೆ ಹೋದರು. ಅವರ ಬೋಧನೆ ಕೇಳುತ್ತಾ ಬೆಳೆದ ಹುಡುಗನೇ ಮುಂದೆ 666ಕ್ಕೆ ಹೆಸರು ಹುಡುಕಬೇಡಿ ಎಂದ ಐರೇನಿಯಸ್.

ಸಭಾಪಾಲಕರಲ್ಲಿ ನನ್ನ ಒಂದು ಬೇಡಿಕೆ. ಚಾರ್ಟ್, ಪ್ರೊಜೆಕ್ಟರ್ ಎಲ್ಲಾ ಪಕ್ಕಕ್ಕಿಟ್ಟು ಒಂದು ಸಂಜೆ ಪ್ರಕಟನೆಯನ್ನು ಮೊದಲಿಂದ ಕಡೆಯವರೆಗೆ ಗಟ್ಟಿಯಾಗಿ ಓದಿಸಿ. ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. ಮಧ್ಯೆ ವಿವರಣೆ ಬೇಡ. ಮಕ್ಕಳನ್ನೂ ಕೂರಿಸಿಕೊಳ್ಳಿ, ಕಡೆಯ ಎರಡು ಅಧ್ಯಾಯಗಳನ್ನು ಅವರ ಕೈಯಲ್ಲೇ ಓದಿಸಿ.